ಬೂಸಾ, ಬೂಸ್ಟು, ಬಿಸಿಗಾಳಿ: ಎನ್‌ಜೈಮ್ ಪುಡಿಯಾದ ಕಥೆ

ಈ ಸಲದ ಮಾತನ್ನ ಒಂದು ಕಪ್ಪು ಗುಳಿಗೆಯಿಂದ ಶುರು ಮಾಡೋಣ. ಯೂನಿಎನ್‌ಜೈಮ್. ಮದುವೆ ಊಟ ಜಾಸ್ತಿಯಾದಾಗ ಮನೆಯಲ್ಲಿ ಯಾರಾದರೂ ಒಬ್ಬರು ಕೈಗಿಟ್ಟೇ ಇಡ್ತಾರೆ. ಅದರ ಹಿಂಬದಿ ಓದಿ ನೋಡಿ. ಪಪಾಯಿನ್, ಅಂದರೆ ಪರಂಗಿ ಹಾಲಿನ ಸತ್ವ. ಇದ್ದಿಲು, ಬಣ್ಣ ಕಪ್ಪಾಗಿರೋದು ಅದರಿಂದಲೇ. ಮೂರನೆಯದು ಫಂಗಲ್ ಡಯಾಸ್ಟೇಸ್. ಕನ್ನಡದಲ್ಲಿ ಹೇಳಬೇಕಂದ್ರೆ, ಬೂಸ್ಟಿನಿಂದ ತೆಗೆದ, ಪಿಷ್ಟ ಕರಗಿಸುವ ಕಿಣ್ವ. ಬ್ರೆಡ್ಡಿನ ಮೇಲೆ ಬಂದರೆ ಎತ್ತಿ ಬಿಸಾಕುವ ಜಾತಿಯದನ್ನೇ ನಾವು ದುಡ್ಡು ಕೊಟ್ಟು ನುಂಗ್ತೀವಿ.

ನಮ್ಮ ಕೋಪರಿಯಿಂದ ರೈಲ್ವೆ ಸೇತುವೆ ಹತ್ತಿ ತೀನ್ ಹಾತ್ ನಾಕಾ ದಾಟಿದರೆ ಬಲು ಹತ್ತಿರ ಲೂಯಿಸ್‌ವಾಡಿ. ಅಲ್ಲಿ ಸರ್ವಿಸ್ ರೋಡಿನ ಮೇಲೆ ಅಡ್ವಾನ್ಸ್‌ಡ್ ಎನ್‌ಜೈಮ್ ಟೆಕ್ನಾಲಜೀಸ್ ಅನ್ನೋ ಕಂಪನಿಯ ಕಚೇರಿ ಇದೆ. 2016ರಲ್ಲಿ ಷೇರುಪೇಟೆಗೆ ಬಂದಾಗ ನಮ್ಮಲ್ಲಿ ಎಷ್ಟೋ ಜನ ಅರ್ಜಿ ಹಾಕಿ, ಸಿಗದೆ ಬೈದುಕೊಂಡದ್ದು ನೆನಪಿರಬಹುದು. ಕಾರ್ಖಾನೆ ಇರೋದು ನಾಶಿಕದ ಕಡೆ ಸಿನ್ನರ್‌ನಲ್ಲಿ. ಅವರು ಮಾರೋ ಸರಕಿನಲ್ಲಿ ದೊಡ್ಡ ಪಾಲು ಬೂಸ್ಟು, ಬ್ಯಾಕ್ಟೀರಿಯಾ, ಗಿಡಗಳಿಂದ ತೆಗೆದ ಎನ್‌ಜೈಮ್. ದಿನಾ ಅದರ ಮುಂದೆಯೇ ಐರೋಲಿ, ಮಹಾಪೆ ಅಂತ ಆಫೀಸ್ ಬಸ್ಸಿನಲ್ಲಿ ಹೋಗೋ ನಮಗೆ ಇದೊಂದು ಉದ್ದಿಮೆ ಅಂತಲೂ ಗೊತ್ತಿರೋದಿಲ್ಲ. ಆದರೆ ಇದರ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಮೈಸೂರು ಮತ್ತು ಬೆಂಗಳೂರಿನಲ್ಲಿ. ಅದಕ್ಕೇ ಈ ಮಾತು.

ಮೊದಲು ಜಪಾನಿಗೆ ಹೋಗಬೇಕು. ಅಲ್ಲಿ ಅಕ್ಕಿ ಬೇಯಿಸಿ, ಅದರ ಮೇಲೆ ಬೂಸ್ಟು ಬೆಳೆಸಿ ‘ಕೋಜಿ’ ಮಾಡ್ತಾರೆ. ಸಾಕೆ ಅನ್ನೋ ಅಕ್ಕಿ ಮದ್ಯ, ಸೋಯಾ ಸಾಸ್ ಎಲ್ಲಕ್ಕೂ ಅದೇ ತಾಯಿ. ಬೂಸ್ಟಿನ ಹೆಸರು ಆಸ್ಪರ್ಜಿಲಸ್ ಒರೈಝೆ. ಜೋಕಿಚಿ ತಕಾಮಿನೆ ಅನ್ನೋ ರಸಾಯನಶಾಸ್ತ್ರಜ್ಞ, 1854ರಲ್ಲಿ ಹುಟ್ಟಿದವನು, ತಾಯಿ ಕಡೆಯವರು ಸಾಕೆ ತಯಾರಿಸುವ ಮನೆತನ. ಅವನಿಗೆ ಬಂದ ಯೋಚನೆ ಸರಳ: ಅಮೆರಿಕದವರು ವಿಸ್ಕಿಗೆ ಬಾರ್ಲಿ ಮೊಳಕೆ ಕಟ್ಟಿಸ್ತಾರಲ್ಲ, ಅದಕ್ಕೆ ದಿನಗಟ್ಟಲೆ ಕಾಯಬೇಕು, ಬಾರ್ಲಿ ದುಬಾರಿ. ಅದರ ಬದಲು ಕೋಜಿ ಯಾಕಾಗಬಾರದು? ಅದೂ ಒಳ್ಳೆ ಅಕ್ಕಿಯ ಮೇಲಲ್ಲ, ಹಿಟ್ಟಿನ ಗಿರಣಿ ಹೊರಗೆ ಹಾಕುವ ಗೋಧಿ ಬೂಸಾದ ಮೇಲೆ.

ಇಲಿನಾಯ್ ರಾಜ್ಯದ ಪಿಯೋರಿಯಾ ಆಗ ವಿಸ್ಕಿ ಊರು. ತಕಾಮಿನೆ ಅಲ್ಲಿಗೆ ಹೋದ, ಪ್ರಯೋಗ ಮಾಡಿದ. ಬಾರ್ಲಿ ಮೊಳಕೆ ಮಾಡಿಯೇ ಹೊಟ್ಟೆ ಹೊರೆಯುವವರಿಗೆ ಇದು ಹಿಡಿಸಲಿಲ್ಲ ಅಂತ ಬೇರೆ ಹೇಳಬೇಕಾ. 1891ರಲ್ಲಿ ಅವನ ಕೆಲಸದ ಜಾಗಕ್ಕೆ ಬೆಂಕಿ ಬಿತ್ತು. ವಿಸ್ಕಿಯ ಕನಸು ಅಲ್ಲಿಗೆ ನಿಂತಿತು. ಬೂಸ್ಟು ನಿಲ್ಲಲಿಲ್ಲ. 1894ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು, ಸೂಕ್ಷ್ಮಜೀವಿಯಿಂದ ತೆಗೆದ ಎನ್‌ಜೈಮಿಗೆ ಅಮೆರಿಕದಲ್ಲಿ ಮೊದಲನೆಯದು ಅಂತ ಅದನ್ನ ಎಣಿಸ್ತಾರೆ. ಪಾರ್ಕ್-ಡೇವಿಸ್ ಕಂಪನಿ ಅದನ್ನ ‘ಟಾಕಾ-ಡಯಾಸ್ಟೇಸ್’ ಅಂತ ಅಜೀರ್ಣದ ಔಷಧಿಯಾಗಿ ಮಾರಿತು. ನಮ್ಮ ಕಪ್ಪು ಗುಳಿಗೆಯ ಮುತ್ತಜ್ಜ ಇವನೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಬೂಸಾದ ಮೇಲೆ ಬೂಸ್ಟು ಬೆಳೆಸೋದು ಅರ್ಧ ಕೆಲಸ. ಆಮೇಲೆ ಅದನ್ನ ನೀರಲ್ಲಿ ನೆನೆಸಿ, ಹಿಂಡಿ, ಸೋಸಿದರೆ ಕಂದು ಬಣ್ಣದ ಒಂದು ರಸ ಸಿಗುತ್ತೆ. ಎನ್‌ಜೈಮ್ ಇರೋದು ಅದರಲ್ಲಿ. ಆದರೆ ಆ ರಸ ಹೆಚ್ಚು ಹೊತ್ತು ಉಳಿಯೋದಿಲ್ಲ. ಎನ್‌ಜೈಮ್ ಅಂದರೆ ಪ್ರೋಟೀನು, ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡ ದಾರ. ನೀರಿನಲ್ಲಿ ಬೆಚ್ಚಗಿದ್ದರೆ ಮಡಿಕೆ ಬಿಚ್ಚಿಕೊಳ್ಳುತ್ತೆ. ಅದೇ ರಸದಲ್ಲಿ ಪ್ರೋಟೀನನ್ನೇ ತುಂಡರಿಸುವ ಬೇರೆ ಎನ್‌ಜೈಮೂ ಇರುತ್ತೆ, ತನ್ನ ಜೊತೆಯವರನ್ನೇ ತಿನ್ನುತ್ತೆ. ಮೇಲಿಂದ ಗಾಳಿಯ ಬ್ಯಾಕ್ಟೀರಿಯಾ. ದೋಸೆ ಹಿಟ್ಟನ್ನ ಮೇ ತಿಂಗಳಲ್ಲಿ ಹೊರಗಿಟ್ಟರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಹಾಗಾಗಿ ನೀರು ತೆಗೀಬೇಕು, ಆದರೆ ಕಾಯಿಸಬಾರದು. ತಕಾಮಿನೆ ಕಂಡುಕೊಂಡ ದಾರಿ ಆಲ್ಕೋಹಾಲ್. ರಸಕ್ಕೆ ಆಲ್ಕೋಹಾಲ್ ಸುರಿದರೆ ಎನ್‌ಜೈಮ್ ಒಡೆದ ಹಾಲಿನ ಥರ ಗಟ್ಟಿಯಾಗಿ ತಳಕ್ಕೆ ಕೂರುತ್ತೆ, ತೆಗೆದು ಒಣಗಿಸಬಹುದು. ಔಷಧಿಗೆ ಸರಿ. ಟನ್ನುಗಟ್ಟಲೆ ಬೇಕಾದಾಗ ಅಷ್ಟು ಆಲ್ಕೋಹಾಲ್ ಎಲ್ಲಿಂದ ತರೋದು?

ಉತ್ತರ ಬಂದದ್ದು ಹಾಲಿನ ಕಡೆಯಿಂದ.

ದ್ರವವನ್ನ ತುಂತುರಾಗಿ ಒಡೆದು ಬಿಸಿಗಾಳಿಯಲ್ಲಿ ಒಣಗಿಸೋ ಯೋಚನೆಗೆ ಅಮೆರಿಕದ ಸ್ಯಾಮ್ಯುಯೆಲ್ ಪರ್ಸಿ 1872ರಲ್ಲೇ ಪೇಟೆಂಟ್ ತಗೊಂಡಿದ್ದ. ಕೆಲಸಕ್ಕೆ ಬರೋ ಯಂತ್ರ ಆಗಲಿಕ್ಕೆ ಇನ್ನೂ ಹಲವು ದಶಕ ಬೇಕಾಯಿತು. 20ನೇ ಶತಮಾನದ ಆರಂಭದಲ್ಲಿ ಹಾಲಿನ ಪುಡಿ, ಆಮೇಲೆ 1933ರಲ್ಲಿ ಡೆನ್ಮಾರ್ಕಿನಲ್ಲಿ ಯೋಹಾನ್ ನೈರೋಪ್ ಶುರು ಮಾಡಿದ ನೀರೋ ಅಟೊಮೈಜರ್ ಕಂಪನಿ. ಸ್ಪ್ರೇ ಡ್ರೈಯರ್ ಅಂದರೆ ನೀರೋ ಅನ್ನೋ ಮಟ್ಟಕ್ಕೆ ಆ ಹೆಸರು ಬೆಳೀತು.

ನಮ್ಮ ದೇಶದಲ್ಲಿ ಈ ಯಂತ್ರ ಹೆಸರು ಮಾಡಿದ್ದು ಆನಂದ್‌ನಲ್ಲಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಜಾಸ್ತಿ, ಅದನ್ನ ಸ್ಪ್ರೇ ಮಾಡಿ ಪುಡಿ ಮಾಡಲಿಕ್ಕೆ ಆಗಲ್ಲ ಅಂತ ವಿದೇಶಿ ತಜ್ಞರು ಹೇಳ್ತಿದ್ದ ಕಾಲ. ವರ್ಗೀಸ್ ಕುರಿಯನ್ ಅವರ ಗೆಳೆಯ, ಎಂಜಿನಿಯರ್ ಎಚ್.ಎಂ. ದಲಾಯಾ ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ಕ್ಕೆ ನೆಹರೂ ಬಂದು ಖೇಡಾ ಸಹಕಾರಿ ಒಕ್ಕೂಟದ ಪುಡಿ ಕಾರ್ಖಾನೆ ಉದ್ಘಾಟಿಸಿದರು. ಆಮೇಲೆ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ, 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಶುರುವಾದ ಆಹಾರ ಸಂಶೋಧನಾಲಯ, ಎಮ್ಮೆ ಹಾಲಿನಿಂದ ಮಗುವಿನ ಆಹಾರ ಮಾಡೋ ವಿಧಾನ ಕಂಡುಹಿಡಿದು ಆನಂದ್‌ಗೆ ಕೊಟ್ಟಿತು. ಅದು ಅಮುಲ್‌ಸ್ಪ್ರೇ. ಹೆಸರಲ್ಲೇ ಸ್ಪ್ರೇ ಇದೆ ನೋಡಿ. ನಮ್ಮ ಅಕ್ಕ-ಅಣ್ಣಂದಿರ ಒಂದು ಇಡೀ ತಲೆಮಾರು ಆ ಡಬ್ಬಿಯ ಮೇಲೆ ಬೆಳೆದದ್ದು.

ಯಂತ್ರ ಕೆಲಸ ಮಾಡೋ ರೀತಿ ಸ್ವಲ್ಪ ವಿವರವಾಗಿ ಹೇಳ್ತೀನಿ. ವಿಡಿಯೋದಲ್ಲಿ ಸಮಯ ಸಾಲದೆ ಇದನ್ನ ಓಡಿಸಿದ್ದೆ.

ಎರಡು-ಮೂರು ಅಂತಸ್ತಿನ ಎತ್ತರದ ಸ್ಟೀಲ್ ಕೊಳಗ ಊಹಿಸಿ, ತಳ ಆಲಿಕೆ ಥರ. ಮೇಲುಗಡೆ ಒಂದು ಚಕ್ರ ನಿಮಿಷಕ್ಕೆ ಹತ್ತು-ಇಪ್ಪತ್ತು ಸಾವಿರ ಸುತ್ತು ತಿರುಗ್ತಾ ರಸವನ್ನ ಹನಿ ಹನಿಯಾಗಿ ಎರಚುತ್ತೆ. ಒಂದು ಹನಿ ಸುಮಾರು 50 ಮೈಕ್ರಾನ್, ತಲೆಗೂದಲಿಗಿಂತ ಸಣ್ಣದು. ಒಂದು ಲೀಟರ್ ರಸ ಹೀಗೆ ಒಡೆದರೆ ಎಲ್ಲ ಹನಿಗಳ ಮೈ ಸೇರಿ 120 ಚದರ ಮೀಟರ್ ಆಗುತ್ತೆ, ಅಂದರೆ ಸುಮಾರು 1,300 ಚದರ ಅಡಿ. ಠಾಣೆಯಲ್ಲಿ ಅಷ್ಟು ಜಾಗ ಕೊಳ್ಳೋದು ನಮ್ಮ ನಿಮ್ಮ ಕೈಲಿ ಆಗೋ ಮಾತಲ್ಲ, ಅಲ್ಲಿ ಒಂದು ಲೀಟರ್ ನೀರಿಗೆ ಸಿಗುತ್ತೆ. ಅಷ್ಟು ಮೈ ಇರೋದರಿಂದಲೇ ನೀರು ಕೆಲವೇ ಸೆಕೆಂಡಲ್ಲಿ ಹಾರಿಹೋಗುತ್ತೆ.

ಒಳಗೆ ಬರೋ ಗಾಳಿ 150ರಿಂದ 180 ಡಿಗ್ರಿ. ಎನ್‌ಜೈಮ್ 60 ಡಿಗ್ರಿಗೇ ಕೆಡಲಿಕ್ಕೆ ಶುರುವಾಗೋ ಪ್ರಾಣಿ. ಹಾಗಾದರೆ ಬದುಕೋದು ಹೇಗೆ? ಮಣ್ಣಿನ ಮಡಕೆ ನೀರು ತಣ್ಣಗಿರೋ ಕಾರಣವೇ. ಆವಿಯಾಗೋ ನೀರು ಬಿಸಿಯನ್ನ ಹೊತ್ತುಕೊಂಡು ಹೋಗುತ್ತೆ. ಹನಿಯಲ್ಲಿ ನೀರು ಇರೋ ತನಕ ಅದರ ಮೈ 40-50 ಡಿಗ್ರಿ ದಾಟೋದಿಲ್ಲ, ಸುತ್ತಲೂ ಬೆಂಕಿಯಂಥ ಗಾಳಿ ಇದ್ದರೂ. ಅಪಾಯ ಬರೋದು ಕೊನೆಗೆ. ನೀರು ಮುಗಿಯಿತು, ತಂಪು ನಿಂತಿತು, ಈಗ ಕಾಳು ಬಿಸಿಯಾಗುತ್ತೆ. ಹಾಗಾಗಿ ಡ್ರೈಯರ್ ನಡೆಸುವವನ ಕಣ್ಣು ಒಳಗಾಳಿಗಿಂತ ಹೊರಗೆ ಹೋಗುವ ಗಾಳಿಯ ಮೇಲೆ, ಅಂದರೆ ಔಟ್‌ಲೆಟ್ ಮೇಲೆ ಇರುತ್ತೆ. ಅದು ಸಾಮಾನ್ಯವಾಗಿ 70ರಿಂದ 90 ಡಿಗ್ರಿ. ಜಾಸ್ತಿ ಇಟ್ಟರೆ ಪುಡಿ ಚೆನ್ನಾಗಿ ಒಣಗುತ್ತೆ, ಎನ್‌ಜೈಮ್ ಸಾಯುತ್ತೆ. ಕಮ್ಮಿ ಇಟ್ಟರೆ ಎನ್‌ಜೈಮ್ ಬದುಕುತ್ತೆ, ಪುಡಿ ಹಸಿಯಾಗಿ ಉಳಿದು ಗೋಡೆಗೆ ಅಂಟುತ್ತೆ, ಚೀಲದಲ್ಲಿ ಗಡ್ಡೆ ಕಟ್ಟುತ್ತೆ, ಮೂರು ತಿಂಗಳಲ್ಲಿ ಸತ್ತೇ ಹೋಗುತ್ತೆ. ಈ ಎರಡರ ಮಧ್ಯದ ಸಣ್ಣ ಸಂದಿನಲ್ಲಿ ಇಡೀ ಧಂಧೆ ನಡೆಯೋದು.

ಸಂದು ದೊಡ್ಡದು ಮಾಡಲಿಕ್ಕೆ ಒಂದು ಉಪಾಯ ಇದೆ. ರಸಕ್ಕೆ ಮಾಲ್ಟೋಡೆಕ್ಸ್‌ಟ್ರಿನ್, ಪಿಷ್ಟ, ಲ್ಯಾಕ್ಟೋಸ್, ಗೋಂದು ಇಂಥದ್ದೇನಾದರೂ ಬೆರೆಸೋದು. ಒಣಗುವಾಗ ಇವು ಎನ್‌ಜೈಮಿನ ಸುತ್ತ ಗಾಜಿನಂಥ ಗಟ್ಟಿ ಪದಾರ್ಥವಾಗಿ ನಿಲ್ಲುತ್ತವೆ. ಕೆಲವು ಸಕ್ಕರೆಗಳು ನೀರು ಬಿಟ್ಟುಹೋದ ಜಾಗದಲ್ಲಿ ತಾವೇ ಕೂತು ಪ್ರೋಟೀನಿನ ಮಡಿಕೆ ಬಿಚ್ಚದ ಹಾಗೆ ಹಿಡಿದುಕೊಳ್ಳುತ್ತವೆ. ಆದರೆ ಈ ಗಾಜಿಗೆ ಶತ್ರು ತೇವ. ಸ್ವಲ್ಪ ನೀರು ಹೀರಿದರೂ ಗಾಜು ಮೆತ್ತಗಾಗಿ ಅಂಟಾಗುತ್ತೆ. ಜುಲೈ ತಿಂಗಳಲ್ಲಿ ನಮ್ಮ ಅಡುಗೆಮನೆ ಡಬ್ಬಿಯ ಕಾಫಿಪುಡಿ, ಆ ಇನ್‌ಸ್ಟಂಟ್ ಪುಡಿ, ಚಮಚಕ್ಕೆ ಕಚ್ಚಿಕೊಳ್ಳೋದು ಇದೇ ಕಾರಣಕ್ಕೆ. ಕೋಪರಿಯ ಮಳೆಗಾಲದಲ್ಲಿ ಎನ್‌ಜೈಮ್ ಪುಡಿಯ ಚೀಲ ಬಾಯ್ತೆರೆದು ಬಿಟ್ಟರೆ ಅಷ್ಟೇ ಕಥೆ. ಅದಕ್ಕೆ ಪಾಲಿಥಿನ್ ಒಳಚೀಲ, ಬಿಗಿ ಮುಚ್ಚಳದ ಡ್ರಮ್ಮು, ಏಸಿ ಗೋಡೌನು.

ಖರ್ಚಿನ ಮಾತೂ ಆಡಬೇಕು. ಒಂದು ಲೀಟರ್ ನೀರು ಆವಿ ಮಾಡಲಿಕ್ಕೆ ಲೆಕ್ಕದ ಪ್ರಕಾರ 0.6 ಯೂನಿಟ್‌ಗೆ ಸಮನಾದ ಶಕ್ತಿ ಬೇಕೇ ಬೇಕು, ನಿಜವಾದ ಯಂತ್ರದಲ್ಲಿ ಇನ್ನೂ ಜಾಸ್ತಿ. ಸಾವಿರ ಲೀಟರ್ ರಸಕ್ಕೆ 600 ಯೂನಿಟ್ ದಾಟುತ್ತೆ. ಹಾಗಾಗಿ ಡ್ರೈಯರ್‌ಗೆ ಕಳಿಸೋ ಮೊದಲೇ ಜರಡಿಯಂಥ ಪೊರೆಯಲ್ಲಿ ಸೋಸಿ ಎಷ್ಟು ಆಗುತ್ತೋ ಅಷ್ಟು ನೀರು ಕಳೀತಾರೆ. ಬೆಂಕಿಯಿಲ್ಲದೆ ಹೋಗೋ ನೀರು ಉಳಿತಾಯ.

ಈಗ ಮೈಸೂರಿಗೆ ಬರೋಣ. ಬೂಸಾ ಅಂದಕೂಡಲೇ ಮೈಸೂರು ಕಡೆಯವರಿಗೆ ನೆನಪಾಗೋದು 1973. ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದದ್ದು, ಗಲಾಟೆಯಾಗಿ ಅವರು ಮಂತ್ರಿಗಿರಿ ಬಿಡಬೇಕಾಗಿ ಬಂದದ್ದು. ಅದು ಬೇರೆಯೇ ಚರ್ಚೆ, ಅವರು ಕೇಳಿದ ಪ್ರಶ್ನೆ ಇನ್ನೂ ಹಾಗೇ ಇದೆ. ನಾನು ಹೇಳೋದು ನಿಜವಾದ ಬೂಸಾ ವಿಷಯ. ಅದೇ ಊರಿನ ಸಿಎಫ್‌ಟಿಆರ್‌ಐಯಲ್ಲಿ ಎನ್.ಪಿ. ಘಿಲ್ದಿಯಾಲ್, ಬಿ.ಕೆ. ಲೋನ್ಸಾನೆ ಮತ್ತು ಅವರ ಜೊತೆಯವರು ತಟ್ಟೆಗಳಲ್ಲಿ ಒದ್ದೆ ಗೋಧಿ ಬೂಸಾ ಹರಡಿ ಬೂಸ್ಟು ಬೆಳೆಸ್ತಾ, ಒಂದು ದೊಡ್ಡ ತಲೆನೋವಿನ ಬೆನ್ನು ಹತ್ತಿದ್ದರು.

ತಲೆನೋವು ಏನಂದ್ರೆ, ಬೂಸ್ಟು ಬೆಳೆಯುವಾಗ ಬಿಸಿ ಬಿಡುತ್ತೆ. ಬೂಸಾ ಬಿಸಿಯನ್ನ ಸುಲಭವಾಗಿ ದಾಟಿಸೋದಿಲ್ಲ. ತಿಪ್ಪೆಯ ಒಳಗೆ ಕೈ ಹಾಕಿದವರಿಗೆ ಇದು ಗೊತ್ತು. ತಟ್ಟೆಯಲ್ಲಿ ಕೆಲವು ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚು ಹರಡಿದರೆ ನಡುವೆ ಬೂಸ್ಟೇ ಬೆಂದುಹೋಗುತ್ತೆ. ಲ್ಯಾಬಿನಲ್ಲಿ ಹತ್ತು ತಟ್ಟೆ ಸುಲಭ, ಕಾರ್ಖಾನೆಯಲ್ಲಿ ಸಾವಿರ ತಟ್ಟೆ ತೊಳೆಯೋದು ಯಾರು? ಪಶ್ಚಿಮ ದೇಶದವರು ಈ ಗೋಜೇ ಬೇಡ ಅಂತ ಪೆನಿಸಿಲಿನ್ ನಂತರ ದೊಡ್ಡ ಟ್ಯಾಂಕಿನ ದ್ರವದಲ್ಲೇ ಬೆಳೆಸೋ ವಿಧಾನಕ್ಕೆ ಹೋಗಿಬಿಟ್ಟಿದ್ದರು. ಮೈಸೂರಿನವರು ಬಿಡಲಿಲ್ಲ. ನಮ್ಮಲ್ಲಿ ಬೂಸಾ, ಹಿಂಡಿ, ಮರಗೆಣಸಿನ ಹಿಪ್ಪೆ, ಕಾಫಿ ಹೊಟ್ಟು ಇವೆಲ್ಲ ರಾಶಿ ರಾಶಿ ಇರುವಾಗ ಟ್ಯಾಂಕಿಗೆ ಸಕ್ಕರೆ ಸುರಿಯೋದು ಯಾಕೆ ಅನ್ನೋ ಲೆಕ್ಕ. 1985ರಲ್ಲಿ ಈ ಗುಂಪು ಬರೆದ ಎಂಜಿನಿಯರಿಂಗ್ ವಿಮರ್ಶಾ ಪ್ರಬಂಧವನ್ನ ಈ ಕ್ಷೇತ್ರದವರು ಇವತ್ತಿಗೂ ಉಲ್ಲೇಖಿಸ್ತಾರೆ.

ಬೆಂಗಳೂರಿನ ಕಥೆ ನಿಮಗೆ ಅರ್ಧ ಗೊತ್ತು. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದ ಕಿರಣ್ ಮಜುಂದಾರ್‌ಗೆ ಇಲ್ಲಿ ಯಾವ ಬ್ರೂವರಿಯೂ ಬ್ರೂಮಾಸ್ಟರ್ ಕೆಲಸ ಕೊಡಲಿಲ್ಲ. 1978ರಲ್ಲಿ ಐರ್ಲೆಂಡಿನ ಕಂಪನಿಯೊಂದರ ಜೊತೆ ಸೇರಿ, 10,000 ರೂಪಾಯಿ ಬಂಡವಾಳದಲ್ಲಿ, ಬಾಡಿಗೆ ಮನೆಯ ಗ್ಯಾರೇಜಿನಿಂದ ಬಯೋಕಾನ್ ಶುರುವಾಯಿತು. ಮೊದಲ ಸರಕು ಪರಂಗಿಯ ಪಪಾಯಿನ್ ಮತ್ತು ಮೀನಿನ ಗಾಳಿಚೀಲದಿಂದ ತೆಗೆಯೋ, ಬಿಯರ್ ತಿಳಿಗೊಳಿಸೋ ಐಸಿಂಗ್ಲಾಸ್. ಇವತ್ತು ಇನ್ಸುಲಿನ್ ಕಂಪನಿ ಅಂತ ಎಲ್ಲರೂ ಹೇಳ್ತಾರೆ, ಆದರೆ ಅದರ ಮೊದಲ ಹತ್ತು-ಹದಿನೈದು ವರ್ಷದ ಅನ್ನ ಎನ್‌ಜೈಮು. ಹೊಸೂರು ರಸ್ತೆಯ ಹೆಬ್ಬಗೋಡಿಯಲ್ಲಿ, ನಮ್ಮವರು ಸಾಲಾಗಿ ಕೆಲಸಕ್ಕೆ ಸೇರಿದ ಎಲೆಕ್ಟ್ರಾನಿಕ್ ಸಿಟಿಯ ಪಕ್ಕದಲ್ಲೇ, 1990ರ ಹೊತ್ತಿಗೆ ಅವರು ಘನ ಪದಾರ್ಥದ ಮೇಲೆ ಬೂಸ್ಟು ಬೆಳೆಸೋ ತಮ್ಮದೇ ವಿಧಾನವನ್ನ ದೊಡ್ಡ ಮಟ್ಟಕ್ಕೆ ತಂದರು. ಆಮೇಲೆ ಪ್ಲಾಫ್ರಾಕ್ಟರ್ ಅನ್ನೋ ಯಂತ್ರ. ಮುಚ್ಚಿದ ಪಾತ್ರೆಯ ಒಳಗೇ ಬೆಳೆಸೋದು, ತಣಿಸೋದು, ರಸ ಇಳಿಸೋದು. 2001ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಬಂತು. ತಟ್ಟೆ ತೊಳೆಯೋ ತಲೆನೋವಿಗೆ ಸಿಕ್ಕ ಉತ್ತರ ಅದು.

2007ರಲ್ಲಿ ಬಯೋಕಾನ್ ತನ್ನ ಎನ್‌ಜೈಮ್ ವ್ಯಾಪಾರವನ್ನ ಡೆನ್ಮಾರ್ಕಿನ ನೊವೊಝೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿತು. ಲಾಭದ ಲೆಕ್ಕದಲ್ಲಿ ಸರಿಯೇ ಇರಬಹುದು, ಆ ದುಡ್ಡಿನಿಂದ ಔಷಧಿ ಸಂಶೋಧನೆ ನಡೆಯಿತು. ನನಗೆ ಮಾತ್ರ ಸ್ವಲ್ಪ ಬೇಜಾರಿದೆ. ಮೂವತ್ತು ವರ್ಷ ಬೂಸಾದ ಜೊತೆ ಗುದ್ದಾಡಿ ಕಲಿತದ್ದು ಷೇರುಪತ್ರದ ಜೊತೆ ಕೈ ಬದಲಾಗುತ್ತೆ ಅಂತ ನಾನು ನಂಬೋದಿಲ್ಲ. ಐಟಿಯಲ್ಲಿ ‘ನಾಲೆಜ್ ಟ್ರಾನ್ಸ್‌ಫರ್’ ಮೀಟಿಂಗಿನಲ್ಲಿ ಕೂತವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯ ತನಕ ಪುಡಿಯ ಗುಣಗಾನ ಆಯಿತು. ಇನ್ನೊಂದು ಮುಖ ಇದೆ, ಯೂಟ್ಯೂಬಿನ ಬಿಸಿನೆಸ್ ಕಥೆಗಳಲ್ಲಿ ಅದು ಬರೋದಿಲ್ಲ.

ಸ್ಪ್ರೇ ಡ್ರೈಯರಿನಿಂದ ಬರೋ ಪುಡಿ ಬಹಳ ನಯ. ಸೈಕ್ಲೋನ್ ದಾಟಿದ್ದು ಬಟ್ಟೆ ಫಿಲ್ಟರಿನಲ್ಲಿ ನಿಲ್ಲಬೇಕು, ಅಲ್ಲೂ ನಿಲ್ಲದ್ದು ಗಾಳಿಯಲ್ಲಿ. 1960ರ ದಶಕದಲ್ಲಿ ಯುರೋಪಿನಲ್ಲಿ ಬಟ್ಟೆ ಒಗೆಯೋ ಪುಡಿಗೆ ಎನ್‌ಜೈಮ್ ಹಾಕೋ ಭರಾಟೆ. ಅದು ಬೂಸ್ಟಿನದಲ್ಲ, ಬ್ಯಾಸಿಲಸ್ ಅನ್ನೋ ಬ್ಯಾಕ್ಟೀರಿಯಾದ್ದು, ಆದರೆ ಪುಡಿ ಪುಡಿಯೇ. 1969ರಲ್ಲಿ ಬ್ರಿಟನ್ನಿನ ವೈದ್ಯ ಫ್ಲಿಂಟ್ ಮತ್ತು ಪೆಪಿಸ್ ಅವರ ತಂಡ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು: ಡಿಟರ್ಜೆಂಟ್ ಕಾರ್ಖಾನೆಯ ಕಾರ್ಮಿಕರಿಗೆ ಈ ಧೂಳಿನಿಂದ ಉಬ್ಬಸ ಬರ್ತಿದೆ. ಇದು ಸಾಮಾನ್ಯ ಧೂಳಿನ ಕೆಮ್ಮಲ್ಲ, ಅಲರ್ಜಿ. ಒಮ್ಮೆ ಮೈ ಗುರುತು ಹಿಡಿದರೆ ಆಮೇಲೆ ಚಿಟಿಕೆಯೂ ಬೇಡ. ಜನ ಹೆದರಿದರು, ಎನ್‌ಜೈಮ್ ಹಾಕಿದ ಪುಡಿಯ ಮಾರಾಟ ಬಿತ್ತು. ಆಗ ಕಂಪನಿಗಳು ಪುಡಿಯನ್ನ ಮೇಣದಂಥ ಪದಾರ್ಥದಲ್ಲಿ ಸುತ್ತಿ, ಧೂಳೇಳದ ಸಾಸಿವೆಯಂಥ ಕಾಳು ಮಾಡೋ ವಿಧಾನ ಕಂಡುಕೊಂಡವು. ನಿಮ್ಮ ವಾಷಿಂಗ್ ಪೌಡರಿನಲ್ಲಿ ಕಾಣೋ ಬಣ್ಣದ ಚುಕ್ಕಿಗಳಲ್ಲಿ ಕೆಲವು ಅವೇ ಇರಬಹುದು. ಕಾರ್ಮಿಕನ ಉಸಿರಿಗೋಸ್ಕರ ಬಂದ ಬದಲಾವಣೆ, ನಮಗದು ಜಾಹೀರಾತಿನ ಚೆಲುವಾಗಿ ಕಾಣುತ್ತೆ.

ಬೂಸ್ಟಿನ ಎನ್‌ಜೈಮೂ ಹೊರತಲ್ಲ. ತಕಾಮಿನೆಯ ಅದೇ ಆಸ್ಪರ್ಜಿಲಸ್ ಒರೈಝೆಯಿಂದ ತೆಗೆದ ಅಮೈಲೇಸ್, ಬ್ರೆಡ್ ಮೆತ್ತಗಾಗಲಿ ಅಂತ ಮೈದಾಕ್ಕೆ ಬೆರೆಸ್ತಾರೆ. 1980ರ ದಶಕದಿಂದೀಚೆಗೆ ಬೇಕರಿ ಕೆಲಸಗಾರರ ಉಬ್ಬಸಕ್ಕೆ ಅದೂ ಒಂದು ಕಾರಣ ಅಂತ ವೈದ್ಯರು ದಾಖಲಿಸಿದ್ದಾರೆ. ತಿನ್ನುವವರಿಗೆ ಏನೂ ಇಲ್ಲ, ಒಲೆಯ ಬಿಸಿಗೆ ಅದು ಸತ್ತಿರುತ್ತೆ. ಚೀಲ ಬಿಚ್ಚಿ ಸುರಿಯುವವನ ಪಾಡು ಬೇರೆ.

ಡಿಟರ್ಜೆಂಟಿನ ಆ ಎನ್‌ಜೈಮಿಗೆ, ಸಬ್ಟಿಲಿಸಿನ್‌ಗೆ, ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಸ್ಥೆ ಇಟ್ಟ ಮಿತಿ ಘನ ಮೀಟರ್ ಗಾಳಿಗೆ 60 ನ್ಯಾನೋಗ್ರಾಂ. ಅಂದರೆ ಒಂದು ಗ್ರಾಂ ಶುದ್ಧ ಎನ್‌ಜೈಮ್ ಸುಮಾರು 1.67 ಕೋಟಿ ಘನ ಮೀಟರ್ ಗಾಳಿಯನ್ನ ಆ ಮಿತಿಗೆ ಮುಟ್ಟಿಸುತ್ತೆ. ಒಂದು ಪುಡಿ ಘಟಕ ಹೇಗೆ ನಡೀತಿದೆ ಅಂತ ನೋಡಬೇಕಾದರೆ ನಾನು ಮೊದಲು ಕೇಳೋದು ಅದರ ಎನ್‌ಜೈಮಿನ ಶಕ್ತಿ ಎಷ್ಟು ಯೂನಿಟ್ ಅಂತಲ್ಲ. ಚೀಲ ತುಂಬುವ ಜಾಗದಲ್ಲಿ ಗಾಳಿ ಎಳೆಯೋ ಕೊಳವೆ ಇದೆಯಾ, ತುಂಬುವವನು ಕಾಯಂ ನೌಕರನಾ ಗುತ್ತಿಗೆಯವನಾ, ಅವನ ಶ್ವಾಸಕೋಶದ ಪರೀಕ್ಷೆ ವರ್ಷಕ್ಕೊಮ್ಮೆ ಆಗುತ್ತಾ ಅಂತ. ವಾಗ್ಳೆ ಎಸ್ಟೇಟಿನಿಂದ ಪಾವಣೆ, ಡೊಂಬಿವಲಿ ಎಂಐಡಿಸಿ ತನಕ ನಮ್ಮ ಸುತ್ತ ಏನನ್ನಾದರೂ ಪುಡಿ ಮಾಡೋ ಎಷ್ಟೋ ಶೆಡ್ಡುಗಳಿವೆ, ಈ ಮೂರು ಪ್ರಶ್ನೆ ಅಲ್ಲೆಲ್ಲ ಕೇಳಬಹುದಾದದ್ದೇ.

ಧೂಳಿನ ಕಾರಣಕ್ಕೂ, ಕರೆಂಟು ಮತ್ತು ಗ್ಯಾಸಿನ ಖರ್ಚಿನ ಕಾರಣಕ್ಕೂ ಈಗ ಬಹಳ ಎನ್‌ಜೈಮುಗಳು ಒಣಗಿಸದೆಯೇ ಹೊರಡುತ್ತವೆ, ಗ್ಲಿಸರಾಲ್ ಅಥವಾ ಸಾರ್ಬಿಟಾಲ್ ಬೆರೆಸಿದ ದ್ರವವಾಗಿ. ಜವಳಿ ಗಿರಣಿಗೆ, ಪಿಷ್ಟದ ಕಾರ್ಖಾನೆಗೆ ಅದು ಸಾಕು. ಗುಳಿಗೆಗೆ, ಮೈದಾದ ಮೂಟೆಗೆ, ಕೋಳಿ ಆಹಾರಕ್ಕೆ ಇನ್ನೂ ಪುಡಿಯೇ ಬೇಕು. ಕೋಳಿ ಆಹಾರದ ಕಥೆ ಸ್ವಾರಸ್ಯವಾಗಿದೆ: ಬೂಸಾದ ಮೇಲೆ ಬೆಳೆದ ಎನ್‌ಜೈಮನ್ನೇ ಬೂಸಾ ಇರೋ ಮೇವಿಗೆ ಬೆರೆಸ್ತಾರೆ, ಕೋಳಿಗೆ ಜೀರ್ಣವಾಗದೆ ಹಿಕ್ಕೆಯಲ್ಲಿ ಹೋಗ್ತಿದ್ದ ರಂಜಕ ಅದರಿಂದ ದಕ್ಕುತ್ತೆ. ಅದರ ಬಗ್ಗೆ ಮುಂದಿನ ವಿಡಿಯೋದಲ್ಲಿ ಮಾತಾಡೋಣ.